ಸೆಕೆಂಡ್ ಪಿಯು ಆರ್ಟ್ಸ್ ಮುಗೀತು, ನಗರಗಳ ಬಗ್ಗೆ ಓದಬೇಕು ಅಂತಿದ್ದೀನಿ. ಮೈಸೂರಲ್ಲಿ ಯಾವ ಡಿಗ್ರಿ ಸೇರಲಿ?

ಕೆರೆ ಅಂಗಳ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವಳು. ಈ ವರ್ಷ ಸೆಕೆಂಡ್ ಪಿಯು ಮುಗಿಯಿತು. ಆರ್ಟ್ಸ್, ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ), ಕನ್ನಡ ಮೀಡಿಯಂ. ಮಾರ್ಕ್ಸ್ ಚೆನ್ನಾಗಿ ಬಂದಿದೆ.

ನನಗೆ ಊರು, ಪೇಟೆ, ನಗರ ಇವೆಲ್ಲ ಹೇಗೆ ಬೆಳೆಯುತ್ತವೆ ಅನ್ನೋದನ್ನೇ ಓದಬೇಕು ಅಂತ ಆಸೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತಲ್ಲ, ಮದ್ದೂರು, ಮಂಡ್ಯ ಎರಡಕ್ಕೂ ಬೈಪಾಸ್ ಬಂತು. ನಮ್ಮ ಚಿಕ್ಕಮ್ಮನ ಮನೆಯವರು ಹಳೇ ಹೆದ್ದಾರಿ ಪಕ್ಕ ಹೋಟೆಲ್ ಇಟ್ಟುಕೊಂಡಿದ್ದಾರೆ. ಬಸ್ಸು ಕಾರು ನಿಲ್ಲೋದು ಕಮ್ಮಿಯಾಗಿ ವ್ಯಾಪಾರ ಇಳಿದುಹೋಯಿತು. ಅದೇ ಬೀದಿಯ ಬೇರೆಯವರನ್ನು ಕೇಳಿದರೆ, ಈಗ ಮಕ್ಕಳು ಭಯ ಇಲ್ಲದೆ ರಸ್ತೆ ದಾಟುತ್ತಾರೆ, ಒಳ್ಳೇದೇ ಆಯಿತು ಅಂತಾರೆ. ಇಬ್ಬರು ಹೇಳೋದೂ ನಿಜ ಅನಿಸುತ್ತೆ. ಇಂಥದ್ದನ್ನೆಲ್ಲ ಯಾರು ತೀರ್ಮಾನ ಮಾಡುತ್ತಾರೆ, ಮಾಡುವಾಗ ಯಾರನ್ನು ಕೇಳುತ್ತಾರೆ, ಆಮೇಲೆ ಊರಿಗೆ ಏನಾಗುತ್ತೆ ಅಂತ ಸರಿಯಾಗಿ ತಿಳಿದುಕೊಳ್ಳಬೇಕು.

ಹುಡುಕಿದರೆ ಅರ್ಬನ್ ಸ್ಟಡೀಸ್, ಅರ್ಬನ್ ಪ್ಲಾನಿಂಗ್, ಡೆವಲಪ್‌ಮೆಂಟ್ ಸ್ಟಡೀಸ್ ಅಂತ ಏನೇನೋ ಬರುತ್ತೆ. ಎಲ್ಲಾ ದೆಹಲಿ, ಅಹಮದಾಬಾದ್ ಕಡೆಯದ್ದೇ. ನಾನು ಪಿಯುನಲ್ಲಿ ಮ್ಯಾಥ್ಸ್ ತಗೊಂಡಿಲ್ಲ. ಮನೆಯಲ್ಲಿ ಮೈಸೂರಿನ ತನಕ ಕಳಿಸುತ್ತಾರೆ, ಅದಕ್ಕಿಂತ ದೂರ ಈಗಲೇ ಬೇಡ ಅಂತಾರೆ. ಮೈಸೂರಲ್ಲಿ ಬಿಎ ಸೇರಿದರೆ ಈ ದಾರಿಗೆ ಹೋಗೋಕೆ ಆಗುತ್ತಾ? ಯಾವ ಕಾಂಬಿನೇಷನ್ ತಗೊಳ್ಳಲಿ? ಗೊತ್ತಿರುವವರು ದಯವಿಟ್ಟು ಹೇಳಿ.

ಮೈಸೂರು ಮೇಷ್ಟ್ರು

ಖಂಡಿತ ಆಗುತ್ತೆ ಕಣಮ್ಮ. ನಾನು ಮೈಸೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುತ್ತೇನೆ. ಪಿಯು ಮುಗಿಸಿ ಬರುವ ಮಕ್ಕಳಲ್ಲಿ ಇಂಥ ಪ್ರಶ್ನೆ ಇಟ್ಟುಕೊಂಡು ಬರುವವರು ಬಹಳ ಕಮ್ಮಿ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಎರಡು ದಾರಿ ಬೇರೆ ಮಾಡಿಕೊ. ಒಂದು ಪ್ಲಾನಿಂಗ್. ಅದು ವೃತ್ತಿ. ನಕ್ಷೆ, ಭೂಬಳಕೆ, ರಸ್ತೆ ಅಗಲ, ಬಡಾವಣೆ, ಮಾಸ್ಟರ್ ಪ್ಲಾನ್. ಇನ್ನೊಂದು ನಗರದ ಸಮಾಜ, ಹಣಕಾಸು, ರಾಜಕೀಯ, ಇತಿಹಾಸ ಓದೋದು. ನೀನು ಕೇಳಿದ ಪ್ರಶ್ನೆ ಎರಡನೇ ಕಡೆಯದು. ಅದಕ್ಕೆ ಡಿಗ್ರಿ ಹಂತದಲ್ಲಿ 'ಅರ್ಬನ್' ಅಂತ ಬೋರ್ಡು ಇರುವ ಕೋರ್ಸೇ ಬೇಕು ಅಂತೇನಿಲ್ಲ. ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಇವುಗಳಲ್ಲಿ ಮೂರನ್ನು ಗಟ್ಟಿಯಾಗಿ ಓದಿದರೆ ಸಾಕು. ನಗರಗಳ ಬಗ್ಗೆಯೇ ಮುಂದೆ ಎಂಎನಲ್ಲಿ ಓದಬಹುದು.

ಈಗ ನಮ್ಮ ರಾಜ್ಯದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ. ಬಿಎನಲ್ಲಿ ಮೂರು ಮುಖ್ಯ ವಿಷಯ. ಹಾಗಾಗಿ ಕಾಂಬಿನೇಷನ್ ಆರಿಸೋದೇ ನಿನ್ನ ದೊಡ್ಡ ತೀರ್ಮಾನ. ಮಹಾರಾಜ ಕಾಲೇಜು, ಮಹಾರಾಣಿ ಕಾಲೇಜು, ಇನ್ನೂ ಕೆಲವು ಕಾಲೇಜುಗಳಲ್ಲಿ ಯಾವ ವರ್ಷ ಯಾವ ಕಾಂಬಿನೇಷನ್ ಕೊಡುತ್ತಾರೆ ಅಂತ ಖುದ್ದು ಹೋಗಿ ನೋಟಿಸ್ ಬೋರ್ಡ್ ನೋಡು. ಎಲ್ಲರೂ ಎಚ್‌ಇಪಿ ಅಂತ ಓಡುತ್ತಾರೆ. ನೀನು ಭೂಗೋಳ ಇರುವ ಕಾಂಬಿನೇಷನ್ ಹುಡುಕು. ಯಾಕೆ ಅಂದರೆ ನಗರ ಅನ್ನೋದು ಕೊನೆಗೂ ಜಾಗದ ವಿಷಯ. ಯಾವ ಜಾಗದಲ್ಲಿ ಏನಿದೆ, ಯಾರು ಇದ್ದಾರೆ, ನೀರು ಎಲ್ಲಿಂದ ಬರುತ್ತೆ, ಕೊಳಚೆ ಎಲ್ಲಿಗೆ ಹೋಗುತ್ತೆ, ಇದನ್ನು ನಕ್ಷೆ ಮೇಲೆ ಇಟ್ಟು ತೋರಿಸೋಕೆ ಬಂದರೆ ನಿನ್ನ ಮಾತಿಗೆ ತೂಕ ಬರುತ್ತೆ.

ಇನ್ನೊಂದು ಮಾತು. ಇದನ್ನು ಓದೋಕೆ ದೂರ ಹೋಗಬೇಕು ಅಂತ ಅಂದುಕೊಳ್ಳಬೇಡ. ದೂರದವರೇ ನಿಮ್ಮ ಮಂಡ್ಯಕ್ಕೆ ಬಂದು ಓದಿದ್ದಾರೆ. ಸ್ಕಾರ್ಲೆಟ್ ಎಪ್‌ಸ್ಟೈನ್ ಅಂತ ಒಬ್ಬ ಮಾನವಶಾಸ್ತ್ರಜ್ಞೆ, ವಿಯೆನ್ನಾದಲ್ಲಿ ಹುಟ್ಟಿ ಮ್ಯಾಂಚೆಸ್ಟರ್‌ನಲ್ಲಿ ಓದಿದವರು. 1954ರಿಂದ 56ರವರೆಗೆ ಮಂಡ್ಯದ ಹತ್ತಿರ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ಹಳ್ಳಿಗಳ ನಿಜ ಹೆಸರು ಬಿಟ್ಟು ವಂಗಲ, ದಲೇನ ಅಂತ ಕರೆದರು. ಒಂದಕ್ಕೆ ನಾಲೆ ನೀರು ಬಂತು, ಕಬ್ಬು ಭತ್ತ ಬೆಳೆದರು, ದುಡ್ಡು ಬಂತು, ಆದರೆ ಊರಿನ ಹಳೇ ಕಟ್ಟುಪಾಡು ಅಷ್ಟೇನೂ ಬದಲಾಗಲಿಲ್ಲ. ಇನ್ನೊಂದು ಊರಿನ ಜಮೀನು ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ. ಅಲ್ಲಿನವರು ಮಂಡ್ಯ ಪೇಟೆ ಕಡೆ ತಿರುಗಿದರು. ಕೆಲಸಕ್ಕೆ ಹೋದರು, ವ್ಯಾಪಾರ ಹಿಡಿದರು, ಬೇರೆ ಊರಲ್ಲಿ ಗದ್ದೆ ಕೊಂಡರು. ಕೊನೆಗೆ ಜಾಸ್ತಿ ಬದಲಾದದ್ದು ಒಣ ಊರೇ. ಇದನ್ನು ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತೇನೆ. ಪೇಟೆ ಅಂದರೆ ಬರೀ ಪೇಟೆಯೊಳಗಿನ ವಿಷಯ ಅಲ್ಲ, ಅದರ ಸುತ್ತ ಇರುವ ಹಳ್ಳಿಗಳ ವಿಷಯ ಕೂಡ. ನಿನ್ನ ಬೈಪಾಸ್ ಪ್ರಶ್ನೆ ಇದೇ ಸಾಲಿಗೆ ಸೇರುತ್ತೆ.

ಎಂ.ಎನ್. ಶ್ರೀನಿವಾಸ್ ಮೈಸೂರಲ್ಲೇ ಹುಟ್ಟಿದವರು, ಮಹಾರಾಜ ಕಾಲೇಜಿನಲ್ಲೇ ಬಿಎ ಮಾಡಿದವರು. 1948ರಲ್ಲಿ ಮೈಸೂರಿಗೆ ಹತ್ತಿರದ ಒಂದು ಹಳ್ಳಿಗೆ ಹೋಗಿ ಕೂತು ಅಧ್ಯಯನ ಮಾಡಿದರು. ಆಮೇಲೆ ದೆಹಲಿಯಲ್ಲಿ ಸಮಾಜಶಾಸ್ತ್ರ ವಿಭಾಗ ಕಟ್ಟಿದರು. ಅದೇ ಕಾಲೇಜಿನ ಬಾಗಿಲು ನಿನಗೂ ತೆರೆದಿದೆ.

ನಕ್ಷೆಗಾರ

ಮೇಷ್ಟ್ರು ಹೇಳಿದ್ದು ಸರಿ. ನಾನು ಪ್ಲಾನಿಂಗ್ ಕಡೆಯವನು, ಆ ಕಡೆ ಬಾಗಿಲು ಎಲ್ಲೆಲ್ಲಿ ಮುಚ್ಚಿದೆ ಎಲ್ಲೆಲ್ಲಿ ತೆರೆದಿದೆ ಅಂತ ಹೇಳುತ್ತೇನೆ.

ಬಿ.ಪ್ಲಾನ್ ಅಂದರೆ ಪ್ಲಾನಿಂಗ್‌ನ ಡಿಗ್ರಿ, ನಾಲ್ಕು ವರ್ಷದ ಕೋರ್ಸ್. ದೆಹಲಿ, ಭೋಪಾಲ್, ವಿಜಯವಾಡದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ಗಳಲ್ಲಿ ಇದೆ. ಅಲ್ಲಿಗೆ ಜೆಇಇ ಮೇನ್‌ನ ಪೇಪರ್ 2ಬಿ ಬರೆಯಬೇಕು. ಹನ್ನೆರಡನೇ ಕ್ಲಾಸಿನಲ್ಲಿ ಮ್ಯಾಥ್ಸ್ ಇರಲೇಬೇಕು. ನಿಮಗೆ ಮ್ಯಾಥ್ಸ್ ಇಲ್ಲ, ಹಾಗಾಗಿ ಈ ಬಾಗಿಲು ಸದ್ಯಕ್ಕೆ ಇಲ್ಲ. ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಯಾಕಂದರೆ ಹಿಂದಿನಿಂದ ಇನ್ನೊಂದು ಬಾಗಿಲು ಇದೆ, ಬಹಳ ಜನಕ್ಕೆ ಗೊತ್ತೇ ಇರಲ್ಲ. ಎಂ.ಪ್ಲಾನ್‌ಗೆ, ಅಂದರೆ ಪ್ಲಾನಿಂಗ್‌ನ ಸ್ನಾತಕೋತ್ತರ ಕೋರ್ಸಿಗೆ, ಸಿವಿಲ್ ಎಂಜಿನಿಯರಿಂಗ್, ಆರ್ಕಿಟೆಕ್ಚರ್, ಬಿ.ಪ್ಲಾನ್ ಮಾಡಿದವರನ್ನು ತಗೊಳ್ಳುತ್ತಾರೆ, ಅದರ ಜೊತೆಗೆ ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರದಲ್ಲಿ ಎಂಎ ಮಾಡಿದವರನ್ನೂ ಹಲವು ಕಡೆ ತಗೊಳ್ಳುತ್ತಾರೆ. ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್‌ನಲ್ಲೂ ಈ ದಾರಿ ಇದೆ. ಅಂದರೆ ಬಿಎ, ಎಂಎ, ಆಮೇಲೆ ಎಂ.ಪ್ಲಾನ್. ವರ್ಷ ಜಾಸ್ತಿ ಹಿಡಿಯುತ್ತೆ, ನಿಜ. ಆದರೆ ಎಂಎಗೆ ಬರುವ ಹೊತ್ತಿಗೆ ನಿಮಗೆ ಪ್ಲಾನಿಂಗ್ ಬೇಕೋ ಸಂಶೋಧನೆ ಬೇಕೋ ಅಂತ ನಿಮಗೇ ಗೊತ್ತಾಗಿರುತ್ತೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್‌ನಲ್ಲಿ ಅಭಿವೃದ್ಧಿ ಅಧ್ಯಯನ ಸಂಸ್ಥೆ ಅಂತ ಇದೆ, ಅಲ್ಲಿ ನಗರ ಮತ್ತು ಪ್ರಾದೇಶಿಕ ಯೋಜನೆಯ ಸ್ನಾತಕೋತ್ತರ ಕೋರ್ಸ್ ತುಂಬಾ ಹಿಂದಿನಿಂದ ನಡೆಯುತ್ತಿದೆ. ಒಂದು ಸಲ ಹೋಗಿ ಅಲ್ಲಿನ ವಿದ್ಯಾರ್ಥಿಗಳು ಏನು ಕೆಲಸ ಮಾಡುತ್ತಾರೆ ನೋಡಿ, ಗೋಡೆ ಮೇಲೆ ಹಾಕಿದ ನಕ್ಷೆಗಳನ್ನು ನೋಡಿದರೇ ಒಂದು ಅಂದಾಜು ಸಿಗುತ್ತೆ.

ಮೈಸೂರಲ್ಲಿ ಇದನ್ನು ಓದೋದಕ್ಕೆ ಇನ್ನೊಂದು ಕಾರಣ. ಈ ಊರೇ ಯೋಜನೆ ಮಾಡಿ ಕಟ್ಟಿದ ಊರು. ಪ್ಲೇಗ್ ಹೊಡೆದ ಮೇಲೆ ಇಕ್ಕಟ್ಟಿನ ಬೀದಿಗಳಿಂದ ಜನರನ್ನು ಹೊಸ ಬಡಾವಣೆಗಳಿಗೆ ಕಳಿಸಿದರು. 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ದೇಶದಲ್ಲೇ ಅಂಥ ಮೊದಮೊದಲ ಸಂಸ್ಥೆಗಳಲ್ಲಿ ಅದೂ ಒಂದು, ಬಾಂಬೆಯದು 1898ರದ್ದು. ಅದೇ ಮುಂದೆ 1988ರಲ್ಲಿ ನಗರಾಭಿವೃದ್ಧಿ ಪ್ರಾಧಿಕಾರ ಆಯಿತು. ಹಾಗಾಗಿ ಇಲ್ಲಿ ಚಾಮರಾಜಪುರಂ, ಲಕ್ಷ್ಮೀಪುರಂ, ಆಮೇಲೆ ಸರಸ್ವತಿಪುರಂ, ಕುವೆಂಪುನಗರ ಅಂತ ಸುಮ್ನೆ ನಡೆದುಕೊಂಡು ಹೋದರೂ ಒಂದೊಂದು ಕಾಲದವರು ಒಂದು ಒಳ್ಳೆಯ ಬೀದಿ ಅಂದರೆ ಏನು ಅಂದುಕೊಂಡಿದ್ದರು ಅಂತ ಕಾಣುತ್ತೆ. ರಿಂಗ್ ರೋಡ್ ದಾಟಿದರೆ ಚಿತ್ರ ಬೇರೆ. ಅಲ್ಲಿ ರೆವಿನ್ಯೂ ಸೈಟು, ಬಿ ಖಾತಾ, ನೀರಿಗೆ ಟ್ಯಾಂಕರ್. ಓದುವವರು ಹೋಗಬೇಕಾದ್ದು ಅಲ್ಲಿಗೇ.

ಕೈಗೆ ಒಂದು ವಿದ್ಯೆ ಇರಲಿ ಅಂದರೆ ಕ್ಯೂಜಿಐಎಸ್ ಕಲಿಯಿರಿ. ನಕ್ಷೆ ಮಾಡುವ ಉಚಿತ ಸಾಫ್ಟ್‌ವೇರ್, ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ. ಮೊದಲ ವರ್ಷದಲ್ಲೇ ಶುರು ಮಾಡಿ.

ಪಾಂಡವಪುರದ ತಂದೆ

ಎಲ್ಲರೂ ಓದಿನ ಬಗ್ಗೆ ಚೆನ್ನಾಗಿ ಹೇಳಿದಿರಿ. ನಾನು ಒಬ್ಬ ಹೆಣ್ಣುಮಗಳ ತಂದೆಯಾಗಿ ಕೇಳುತ್ತೇನೆ, ಕೆಲಸದ ಮಾತೇನು? ಬಿಎ, ಎಂಎ, ಆಮೇಲೆ ಇನ್ನೊಂದು ಎಂ.ಪ್ಲಾನ್ ಅಂದರೆ ಏಳು ವರ್ಷ. ರೈತರ ಮನೆಯಲ್ಲಿ ಅಷ್ಟು ವರ್ಷ ಕಾಯೋದು ಸುಲಭ ಅಲ್ಲ. ನಮ್ಮ ಕಡೆ ಬಿಎ ಮಾಡಿ ಬಿ.ಎಡ್ ಮಾಡಿದರೆ ಟೀಚರ್ ಆಗಬಹುದು ಅನ್ನೋ ಧೈರ್ಯ ಇರುತ್ತೆ. ನಗರದ ಬಗ್ಗೆ ಓದಿದವರಿಗೆ ಯಾರು ಕೆಲಸ ಕೊಡುತ್ತಾರೆ ಅಂತ ನೇರವಾಗಿ ಹೇಳಿ. ಮಗು ಆಸೆ ಪಟ್ಟಿದೆ, ಆಸೆ ತಪ್ಪು ಅಂತ ನಾನು ಹೇಳುತ್ತಿಲ್ಲ.

ಹಾಸ್ಟೆಲ್ ಹುಡುಗಿ

ಅಂಕಲ್ ಕೇಳಿದ್ದು ನ್ಯಾಯವಾದ ಪ್ರಶ್ನೆ. ನಮ್ಮ ಅಪ್ಪನೂ ಇದನ್ನೇ ಕೇಳಿದ್ದರು. ನಾನು ಕನ್ನಡ ಮೀಡಿಯಂನಿಂದ ಬಂದು ಮೈಸೂರಿನಲ್ಲಿ ಸರ್ಕಾರಿ ಕಾಲೇಜಲ್ಲಿ ಬಿಎ ಮಾಡಿದವಳು, ಈಗ ಬೆಂಗಳೂರಿನಲ್ಲಿ ಒಂದು ಸಂಶೋಧನಾ ತಂಡದಲ್ಲಿ ಕೆಲಸ ಮಾಡುತ್ತಿದ್ದೇನೆ. ಬೀದಿ ವ್ಯಾಪಾರಿಗಳ ಬಗ್ಗೆ.

ಬಿಎ ಆದ ತಕ್ಷಣ ಸಿಗುವ ಕೆಲಸ ಅಂದರೆ ಸರ್ವೆ, ಫೀಲ್ಡ್ ಕೆಲಸ, ಎನ್‌ಜಿಒಗಳಲ್ಲಿ ಸಮುದಾಯದ ಜೊತೆ ಮಾಡುವ ಕೆಲಸ. ಸಂಬಳ ಜಾಸ್ತಿ ಇರಲ್ಲ, ಇದನ್ನು ಮುಚ್ಚಿಡಬಾರದು. ಆದರೆ ಇಲ್ಲಿ ಕನ್ನಡ ಚೆನ್ನಾಗಿ ಬರೋದೇ ದೊಡ್ಡ ಬಲ. ಇಂಗ್ಲಿಷ್‌ನಲ್ಲಿ ವರದಿ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಮಾರ್ಕೆಟ್ಟಿನಲ್ಲಿ ಹೂವಿನವರ ಪಕ್ಕ ಕೂತು ಸುಂಕ, ಬಡ್ಡಿ, ಪೊಲೀಸರ ಕಾಟ, ಮನೆ ಬಾಡಿಗೆ ಎಲ್ಲಾ ಮಾತಾಡಿಸಿ ಬರುವವರು ಕಮ್ಮಿ. ಮೇಲೆ ಎಂಎ ಆದರೆ ಸಂಶೋಧನೆ, ಸರ್ಕಾರದ ಯೋಜನೆಗಳಲ್ಲಿ ಗುತ್ತಿಗೆ ಹುದ್ದೆ, ಪ್ಲಾನಿಂಗ್ ಕನ್ಸಲ್ಟೆನ್ಸಿ, ಪತ್ರಿಕೆ, ಕಾಲೇಜು ಪಾಠ. ಕೆಪಿಎಸ್‌ಸಿ ಬರೆಯುವವರಿಗೂ ಈ ಓದು ವ್ಯರ್ಥ ಆಗಲ್ಲ, ಪುರಸಭೆ ನಗರಸಭೆ ನಡೆಸುವ ಅಧಿಕಾರಿಗೆ ಇದಕ್ಕಿಂತ ಹತ್ತಿರದ ಓದು ಯಾವುದಿದೆ ಹೇಳಿ? ಬಿ.ಎಡ್ ಕೂಡ ಎಲ್ಲೂ ಓಡಿಹೋಗಲ್ಲ ಅಂಕಲ್. ಸಮಾಜ ವಿಜ್ಞಾನದಲ್ಲಿ ಬಿಎ ಆದಮೇಲೆ ಬೇಕು ಅನಿಸಿದರೆ ಅದನ್ನೂ ಮಾಡಬಹುದು.

ತಂಗಿ, ನಿನಗೆ ಹೊರಗಿನ ಕಾಲೇಜುಗಳ ಬಗ್ಗೆ ಒಂದಿಷ್ಟು. ಟಿಸ್ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ)ನ ಮಹಾರಾಷ್ಟ್ರದ ತುಳಜಾಪುರ ಕ್ಯಾಂಪಸ್‌ನಲ್ಲಿ ಬಿಎ ಸೋಷಿಯಲ್ ಸೈನ್ಸಸ್ ಇದೆ, ಅದಕ್ಕೆ ಸಿಯುಇಟಿ ಅನ್ನೋ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಸಿಯುಇಟಿಯನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ಅರ್ಜಿ ಹಾಕುವ ಸಮಯ ಪಿಯು ಪರೀಕ್ಷೆ ಹೊತ್ತಿಗೇ ಬಂದು ಹೋಗುತ್ತೆ, ನಮ್ಮ ಕಡೆಯ ಮಕ್ಕಳಿಗೆ ಅದು ಗೊತ್ತಾಗೋದೇ ರಿಸಲ್ಟ್ ಬಂದಮೇಲೆ. ಕಾಲೇಜುಗಳಲ್ಲಿ ಇದನ್ನು ಜನವರಿಯಲ್ಲೇ ಹೇಳಬೇಕು, ಯಾರೂ ಹೇಳಲ್ಲ, ನನಗೆ ಇದರ ಬಗ್ಗೆ ತುಂಬಾ ಬೇಸರ ಇದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯಕ್ಕೆ ಅದರದ್ದೇ ಪ್ರವೇಶ ಪರೀಕ್ಷೆ. ಮನೆಯ ಆದಾಯ ನೋಡಿ ಶುಲ್ಕ, ಹಾಸ್ಟೆಲ್, ಊಟಕ್ಕೆ ಸಹಾಯ ಮಾಡುತ್ತಾರೆ, ಹಾಗಾಗಿ ಶುಲ್ಕದ ಪಟ್ಟಿ ನೋಡಿಯೇ ಹೆದರಿ ಬಿಡಬೇಡ. ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯದವರು ಕರಂಪುರ ಕ್ಯಾಂಪಸ್‌ನಲ್ಲಿ ನಗರಗಳ ಬಗ್ಗೆಯೇ ಬಿಎ ಶುರು ಮಾಡಿದರು, ಆದರೆ ಅಲ್ಲಿ 85% ಸೀಟು ದೆಹಲಿಯವರಿಗೆ. ಈ ವರ್ಷಕ್ಕೆ ಇವೆಲ್ಲ ನಿನಗೆ ಬೇಡ ಅನಿಸುತ್ತೆ. ಮೈಸೂರಲ್ಲಿ ಮೂರು ವರ್ಷ ಓದಿ, ಎಂಎಗೆ ಹೊರಗೆ ಹೋಗು. ಆಗ ಮನೆಯವರೂ ಕಳಿಸುತ್ತಾರೆ. ಟಿಸ್ ಮುಂಬೈನಲ್ಲಿ ನಗರ ನೀತಿ ಮತ್ತು ಆಡಳಿತದ ಎಂಎ ಇದೆ. ಬೆಂಗಳೂರಿನ ಐಐಎಚ್‌ಎಸ್ (ಇಂಡಿಯನ್ ಇನ್‌ಸ್ಟಿಟ್ಯೂಟ್ ಫಾರ್ ಹ್ಯೂಮನ್ ಸೆಟಲ್‌ಮೆಂಟ್ಸ್)ನಲ್ಲಿ 2016ರಿಂದ ಅರ್ಬನ್ ಫೆಲೋಸ್ ಅನ್ನೋ ಕೋರ್ಸ್ ಬಂದಿದೆ, ಅದಕ್ಕೆ ಯಾವ ವಿಷಯದಲ್ಲಿ ಡಿಗ್ರಿ ಮಾಡಿದವರಾದರೂ ಅರ್ಜಿ ಹಾಕಬಹುದು.

ಇಂಗ್ಲಿಷ್ ಬಗ್ಗೆ ಮಾತ್ರ ಗಂಭೀರವಾಗಿರು. ಮುಂದೆ ಓದಬೇಕಾದ್ದು ಹೆಚ್ಚೂಕಡಿಮೆ ಎಲ್ಲಾ ಇಂಗ್ಲಿಷ್‌ನಲ್ಲೇ. ದಿನಾ ಪೇಪರಿನ ಒಂದು ಪುಟ ಇಂಗ್ಲಿಷ್‌ನಲ್ಲಿ ಓದಿ, ಅದರ ಸಾರ ಕನ್ನಡದಲ್ಲಿ ನಾಲ್ಕು ಸಾಲು ಬರಿ. ಮಾರನೇ ದಿನ ಆ ನಾಲ್ಕು ಸಾಲನ್ನು ಇಂಗ್ಲಿಷ್‌ನಲ್ಲಿ ಬರಿ. ನನಗೆ ಯಾವ ಕೋಚಿಂಗ್‌ಗಿಂತಲೂ ಇದು ಕೆಲಸ ಮಾಡಿತು.

ಕೆರೆ ಅಂಗಳ, ಮಂಡ್ಯ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಂಡ್ಯದ ಹಳ್ಳಿಗಳ ಬಗ್ಗೆ ಹಾಗೆ ಅಧ್ಯಯನ ಆಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ, ಓದಿ ಮೈ ಜುಮ್ ಅಂತು. ಅಪ್ಪನಿಗೆ ಎಲ್ಲಾ ಓದಿ ಹೇಳಿದೆ. ಪಾಂಡವಪುರದ ಅಂಕಲ್ ಕೇಳಿದ್ದನ್ನೇ ಅಪ್ಪನೂ ಕೇಳಿದರು, ಅಕ್ಕನ ಉತ್ತರ ಕೇಳಿ ಸ್ವಲ್ಪ ಸಮಾಧಾನ ಆದರು.

ಇನ್ನೂ ಮೂರು ಪ್ರಶ್ನೆ. ಭೂಗೋಳ, ಸಮಾಜಶಾಸ್ತ್ರದ ಜೊತೆ ಮೂರನೇದು ಅರ್ಥಶಾಸ್ತ್ರ ತಗೊಳ್ಳಲಾ, ರಾಜ್ಯಶಾಸ್ತ್ರ ತಗೊಳ್ಳಲಾ? ಪಿಯುನಲ್ಲಿ ಭೂಗೋಳ ಓದಿಲ್ಲ, ಡಿಗ್ರಿಯಲ್ಲಿ ಕಷ್ಟ ಆಗುತ್ತಾ? ಆಮೇಲೆ ದಿನಾ ಮಂಡ್ಯದಿಂದ ಓಡಾಡೋದಾ, ಹಾಸ್ಟೆಲ್ ಸೇರೋದಾ?

ಮೈಸೂರು ಮೇಷ್ಟ್ರು

ಭೂಗೋಳ ಹೊಸದಾದರೂ ಪರವಾಗಿಲ್ಲ. ಡಿಗ್ರಿಯಲ್ಲಿ ಬುಡದಿಂದಲೇ ಶುರು ಮಾಡುತ್ತಾರೆ. ಪ್ರಾಕ್ಟಿಕಲ್ ಇರುತ್ತೆ, ಕ್ಲಾಸ್ ತಪ್ಪಿಸಬೇಡ ಅಷ್ಟೆ.

ಮೂರನೇ ವಿಷಯಕ್ಕೆ ನನ್ನ ಮಾತು ಅರ್ಥಶಾಸ್ತ್ರ. ಅಂಕಿ ಅಂಶ ಕಂಡರೆ ಹೆದರದೆ ಇರೋದನ್ನು ಅದು ಕಲಿಸುತ್ತೆ, ಮ್ಯಾಥ್ಸ್ ಇಲ್ಲದ ನಿನಗೆ ಅದು ಬೇಕು. ರಾಜ್ಯಶಾಸ್ತ್ರದಲ್ಲಿ ನಿನಗೆ ಮುಖ್ಯವಾಗಿ ಬೇಕಾದ್ದು ಸ್ಥಳೀಯ ಆಡಳಿತ, ಅದನ್ನು ನೀನೇ ಓದಿಕೊಳ್ಳಬಹುದು. 1992ರ ಸಂವಿಧಾನದ 74ನೇ ತಿದ್ದುಪಡಿ ತೆಗೆದು ನೋಡು. ಹನ್ನೆರಡನೇ ಅನುಸೂಚಿಯಲ್ಲಿ 18 ಕೆಲಸಗಳ ಪಟ್ಟಿ ಇದೆ, ನಗರ ಯೋಜನೆ ಅದರಲ್ಲಿ ಮೊದಲನೆಯದು. ಕಾಗದದ ಮೇಲೆ ಇರುವ ಆ ಕೆಲಸಗಳಲ್ಲಿ ನಿಮ್ಮ ಮಂಡ್ಯ ನಗರಸಭೆ ಕೈಯಲ್ಲಿ ಯಾವುದಿದೆ, ಪ್ರಾಧಿಕಾರದ ಕೈಯಲ್ಲಿ ಯಾವುದಿದೆ, ನೀರು ಸರಬರಾಜು ಮಂಡಳಿ ಕೈಯಲ್ಲಿ ಯಾವುದಿದೆ ಅಂತ ಒಂದೊಂದಾಗಿ ಹುಡುಕಿ ಬರೆದುಕೊ. ಯಾರು ತೀರ್ಮಾನ ಮಾಡುತ್ತಾರೆ ಅಂತ ಕೇಳಿದ್ದೆಯಲ್ಲ, ಆ ಪಟ್ಟಿ ಮುಗಿಯುವ ಹೊತ್ತಿಗೆ ಅರ್ಧ ಉತ್ತರ ಸಿಕ್ಕಿರುತ್ತೆ.

ಹಾಗೇ ಜನಗಣತಿಯವರು ಪೇಟೆ ಅಂತ ಯಾವುದನ್ನು ಲೆಕ್ಕ ಹಾಕುತ್ತಾರೆ ನೋಡು. ಜನಸಂಖ್ಯೆ ಕನಿಷ್ಠ 5,000, ಚದರ ಕಿಲೋಮೀಟರ್‌ಗೆ ಕನಿಷ್ಠ 400 ಜನ, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಜನ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿರಬೇಕು. ಇಷ್ಟಿದ್ದರೆ ಗ್ರಾಮ ಪಂಚಾಯಿತಿ ಇದ್ದರೂ ಅದು ಸೆನ್ಸಸ್ ಟೌನ್. ಹೂಟಗಳ್ಳಿ ಹೀಗೇ ಇತ್ತು. ಸುತ್ತ ಕಾರ್ಖಾನೆ, ಬಡಾವಣೆ, ಆಡಳಿತ ಮಾತ್ರ ಪಂಚಾಯಿತಿಯದು. ಆಮೇಲೆ ನಗರಸಭೆ ಆಯಿತು, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿ ಆದವು. ಈ ಲೆಕ್ಕದಲ್ಲಿ ಹೆಂಗಸರ ದುಡಿಮೆ ಯಾಕೆ ಸೇರಿಸಿಲ್ಲ ಅಂತ ನಿನಗೇ ಕೇಳಬೇಕು ಅನಿಸಬೇಕು. ಅನಿಸಿದರೆ ನೀನು ಸರಿಯಾದ ವಿಷಯಕ್ಕೇ ಬಂದಿದ್ದೀಯ.

ಓಡಾಟದ ವಿಷಯ. ಶಕ್ತಿ ಯೋಜನೆ ಇರೋದರಿಂದ ಬಸ್ ಚಾರ್ಜ್ ಚಿಂತೆ ಇಲ್ಲ, ನಮ್ಮ ಕ್ಲಾಸಿನಲ್ಲೂ ಮಂಡ್ಯ, ಶ್ರೀರಂಗಪಟ್ಟಣದಿಂದ ದಿನಾ ಬರುವ ಹೆಣ್ಣುಮಕ್ಕಳು ಇದ್ದಾರೆ. ಆದರೂ ಆಗೋದಾದರೆ ಹಾಸ್ಟೆಲ್ ಸೇರು. ಸಂಜೆ ಬಸ್ ಹಿಡಿಯುವ ಅವಸರ ಇದ್ದರೆ ಲೈಬ್ರರಿಯಲ್ಲಿ ಕೂರೋಕೆ ಆಗಲ್ಲ, ಊರು ಸುತ್ತೋಕೂ ಆಗಲ್ಲ. ಮೈಸೂರನ್ನು ನೋಡಬೇಕಾದ್ದು ಬೆಳಿಗ್ಗೆ ಐದಕ್ಕೆ ದೇವರಾಜ ಮಾರ್ಕೆಟ್ಟಿಗೆ ಹೂವು ಬರುವ ಹೊತ್ತಿಗೆ.

ನಕ್ಷೆಗಾರ

ಒಂದು ಸೇರಿಸುತ್ತೇನೆ. ಲಲಿತ ಮಹಲ್ ರಸ್ತೆಯಲ್ಲಿ ರಾಜ್ಯ ನಗರಾಭಿವೃದ್ಧಿ ಸಂಸ್ಥೆ ಇದೆ, ನಗರಸಭೆ ಪುರಸಭೆಗಳವರಿಗೆ ತರಬೇತಿ ಕೊಡುವ ಜಾಗ. ಡಿಗ್ರಿ ಎರಡನೇ ವರ್ಷಕ್ಕೆ ಬಂದಾಗ ಕಾಲೇಜಿನ ಪತ್ರ ತಗೊಂಡು ಹೋಗಿ, ರಜೆಯಲ್ಲಿ ಇಂಟರ್ನ್‌ಶಿಪ್‌ಗೆ ಅವಕಾಶ ಇದೆಯಾ ಕೇಳಿ. ಕೊಡದಿದ್ದರೂ ಯಾವ ಇಲಾಖೆಯವರು ಏನು ಮಾಡುತ್ತಾರೆ ಅಂತ ಮಾತಾಡಿಕೊಂಡು ಬರಬಹುದು.

ಬೈಪಾಸ್ ವಿಷಯ ಬಿಡಬೇಡಿ. ಈಗಲೇ ಹಳೇ ಹೆದ್ದಾರಿಯ ಒಂದು ಕಿಲೋಮೀಟರ್ ಆರಿಸಿಕೊಂಡು ಎರಡೂ ಬದಿಯ ಅಂಗಡಿ ಬರೆದಿಡಿ. ಯಾವ ವ್ಯಾಪಾರ, ಎಷ್ಟು ವರ್ಷದಿಂದ, ಸ್ವಂತವೋ ಬಾಡಿಗೆಯೋ, ಮುಚ್ಚಿದ್ದರೆ ಯಾವಾಗ ಮುಚ್ಚಿತು, ಎಷ್ಟು ಜನ ಕೆಲಸಕ್ಕಿದ್ದರು, ಅವರು ಈಗ ಎಲ್ಲಿದ್ದಾರೆ. ಡಿಗ್ರಿ ಮುಗಿಯುವ ತನಕ ಪ್ರತಿ ವರ್ಷ ಅದೇ ತಿಂಗಳಲ್ಲಿ ಮತ್ತೆ ಬರೆಯಿರಿ. ಎಂಎ ಇಂಟರ್‌ವ್ಯೂನಲ್ಲಿ ಅದನ್ನು ಮೇಜಿನ ಮೇಲಿಟ್ಟರೆ ಕೇಳುವವರು ನಿಮ್ಮ ಮಾರ್ಕ್ಸ್ ಕಾರ್ಡಿಗಿಂತ ಮೊದಲು ಅದನ್ನೇ ತೆಗೆದು ನೋಡುತ್ತಾರೆ.

ಹಾಸ್ಟೆಲ್ ಹುಡುಗಿ

ಡಿಗ್ರಿ ಪ್ರವೇಶದ ಅರ್ಜಿ ಯುಯುಸಿಎಂಎಸ್ ಅನ್ನೋ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ಹಾಕಬೇಕು ತಂಗಿ, ಹೆಸರು ಆಧಾರ್‌ನಲ್ಲೂ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲೂ ಒಂದೇ ಥರ ಇದೆಯಾ ಇವತ್ತೇ ನೋಡಿಕೊ. ಜಾತಿ, ಆದಾಯ ಸರ್ಟಿಫಿಕೇಟ್ ಹಳೇದಾಗಿದ್ದರೆ ನಾಡಕಚೇರಿಯಲ್ಲಿ ಹೊಸದಕ್ಕೆ ಹಾಕು, ಹಾಸ್ಟೆಲ್‌ಗೂ ಸ್ಕಾಲರ್‌ಶಿಪ್‌ಗೂ ಅದೇ ಬೇಕು. ಭೂಗೋಳ ಇರುವ ಕಾಂಬಿನೇಷನ್‌ಗೆ ಸೀಟು ಕಮ್ಮಿ ಇರುತ್ತೆ, ಮೊದಲ ದಿನವೇ ಹೋಗು.